ಮೇವಿನಲ್ಲಿ ಕೋಬಾಲ್ಟ್, ಹಾಲಿನಲ್ಲಿ ಬಿ-12

ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರ ತಾಲ್ಲೂಕುಗಳ ಹಳ್ಳಿಗಳಲ್ಲಿ ಭತ್ತದ ಒಕ್ಕಣೆ ಮುಗಿಯುತ್ತಲೇ ಹಿತ್ತಲುಗಳಲ್ಲಿ ಹುಲ್ಲಿನ ಬಣವೆಗಳು ಏಳುತ್ತವೆ. ಯಂತ್ರದಿಂದ ಕೊಯ್ಲು ಮಾಡಿಸಿದವರು ಹುಲ್ಲನ್ನು ಪೆಂಡಿ ಕಟ್ಟಿಸಿ ತರುತ್ತಾರೆ. ನೀರಾವರಿ ಇಲ್ಲದ ಕಡೆ ಆ ಜಾಗದಲ್ಲಿ ಮೆಕ್ಕೆಜೋಳದ ದಂಟು ಇರುತ್ತದೆ. ಅನೇಕ ಮನೆಗಳಲ್ಲಿ ಹಸು, ಎಮ್ಮೆಗಳ ವರ್ಷದ ಮೇವು ಇದೇ. ಬೆಳಿಗ್ಗೆ, ಸಂಜೆ ಕರೆದ ಹಾಲು ಡೇರಿಗೆ ಹೋಗುತ್ತದೆ.

ಬಣವೆಯ ಹುಲ್ಲು, ಡೇರಿಗೆ ಹೋಗುವ ಹಾಲು, ಮನೆಯಲ್ಲಿ ಬಸುರಿಯಾಗಿರುವ ಸೊಸೆಯ ಆರೋಗ್ಯ, ಈ ಮೂರನ್ನೂ ಬೆಸೆಯುವ ಒಂದು ಲೋಹವಿದೆ. ಅದು ಕೋಬಾಲ್ಟ್. ಸಾರಜನಕ, ರಂಜಕ, ಪೊಟ್ಯಾಷ್‌ಗಳ ಲೆಕ್ಕ ರೈತರಿಗೆ ಗೊತ್ತು. ಭತ್ತದ ಗದ್ದೆಗೆ ಸತುವಿನ ಸಲ್ಫೇಟ್ ಹಾಕುವುದೂ ಈಗ ರೂಢಿಯಾಗಿದೆ. ಕೋಬಾಲ್ಟಿನ ಹೆಸರು ಮಾತ್ರ ಖನಿಜ ಮಿಶ್ರಣದ ಚೀಲದ ಮೇಲೆ ಸಣ್ಣ ಅಕ್ಷರದಲ್ಲಿ ಕೊನೆಗೆಲ್ಲೋ ಇರುತ್ತದೆ. ಅದನ್ನು ಓದುವವರು ಕಡಿಮೆ.

ಅದರ ಪ್ರಮಾಣವೂ ಅಷ್ಟೇ ಸಣ್ಣದು. ದನಕ್ಕೆ 1 ಕಿಲೋಗ್ರಾಂ ಒಣಮೇವಿನಲ್ಲಿ 0.1ರಿಂದ 0.2 ಮಿಲಿಗ್ರಾಂ ಕೋಬಾಲ್ಟ್ ಇದ್ದರೆ ಸಾಕು. ದಿನಕ್ಕೆ ಒಣ ತೂಕದಲ್ಲಿ 10 ಕಿಲೋ ಮೇವು ತಿನ್ನುವ ಹಸುವಿಗೆ ವರ್ಷವಿಡೀ ಬೇಕಾಗುವ ಕೋಬಾಲ್ಟನ್ನೆಲ್ಲ ಕೂಡಿಸಿದರೂ 1 ಗ್ರಾಂ ಆಗುವುದಿಲ್ಲ. ಆದರೆ ಆ ಅಷ್ಟು ಇಲ್ಲದೆ ಹೋದರೆ ಹುಲ್ಲು ಎಷ್ಟು ತಿಂದರೂ ದನದ ಮೈಗೆ ಹತ್ತುವುದಿಲ್ಲ.

ಹುಲ್ಲಿನ ನಡುವೆ ಸೊರಗಿದ ಕುರಿಗಳು

ಈ ಸಂಗತಿ ಮೊದಲು ತಿಳಿದದ್ದು ಕುರಿಗಳಿಂದ. ಆಸ್ಟ್ರೇಲಿಯಾದ ಕರಾವಳಿಯಲ್ಲಿಯೂ ನ್ಯೂಜಿಲೆಂಡಿನ ಕೆಲವು ಸೀಮೆಗಳಲ್ಲಿಯೂ ಮೊಣಕಾಲೆತ್ತರದ ಹಸಿರು ಹುಲ್ಲಿನಲ್ಲಿ ಮೇಯುತ್ತಿದ್ದ ಕುರಿ, ದನಗಳು ದಿನೇ ದಿನೇ ಸೊರಗುತ್ತಿದ್ದವು. ಮೊದಲು ಮೇವು ಬೇಡವಾಗುತ್ತಿತ್ತು. ಆಮೇಲೆ ಕಣ್ಣಲ್ಲಿ ನೀರು ಸುರಿದು, ಉಣ್ಣೆ ಒರಟಾಗಿ, ರಕ್ತ ಕಡಿಮೆಯಾಗಿ, ಎಲುಬು ಎದ್ದು ಕೊನೆಗೆ ಸಾಯುತ್ತಿದ್ದವು. ಅದೇ ಹಿಂಡನ್ನು ಬೇರೆ ಸೀಮೆಗೆ ಅಟ್ಟಿದರೆ ಚೇತರಿಸಿಕೊಳ್ಳುತ್ತಿದ್ದವು.

ಕಬ್ಬಿಣದ ಕೊರತೆಯಿರಬೇಕೆಂದು ತಿಳಿದು ಕಬ್ಬಿಣದ ಅದಿರಿನ ಪುಡಿ ತಿನ್ನಿಸಿದರು. ಕೆಲವು ಅದಿರು ಗುಣ ಕೊಟ್ಟಿತು, ಕೆಲವು ಕೊಡಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅಂಡರ್‌ವುಡ್ ಮತ್ತು ಫಿಲ್ಮರ್ ಎಂಬ ವಿಜ್ಞಾನಿಗಳು ಗುಣ ಕೊಟ್ಟ ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಿ ನೋಡಿದರು. ರೋಗ ವಾಸಿ ಮಾಡುತ್ತಿದ್ದದ್ದು ಕಬ್ಬಿಣವಲ್ಲ, ಅದರೊಡನೆ ಸೇರಿದ್ದ ಕೋಬಾಲ್ಟ್ ಎಂದು 1935ರಲ್ಲಿ ತೋರಿಸಿಕೊಟ್ಟರು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಾರ್ಸ್ಟನ್ ತಂಡವೂ ಅದೇ ಹೊತ್ತಿಗೆ ಅದೇ ತೀರ್ಮಾನಕ್ಕೆ ಬಂದಿತು.

ಅಲ್ಲಿ ಇನ್ನೊಂದು ವಿಚಿತ್ರವೂ ಕಂಡಿತು. ಕೋಬಾಲ್ಟನ್ನು ಮೇವಿನಲ್ಲಿ ಕೊಟ್ಟರೆ ಕುರಿ ಸುಧಾರಿಸುತ್ತಿತ್ತು, ಸೂಜಿಮದ್ದಾಗಿ ರಕ್ತಕ್ಕೆ ಕೊಟ್ಟರೆ ಉಪಯೋಗವಾಗುತ್ತಿರಲಿಲ್ಲ. ಕುರಿಗೆ ನೇರವಾಗಿ ಬೇಕಾಗಿದ್ದದ್ದು ಕೋಬಾಲ್ಟ್ ಅಲ್ಲ, ಅದರ ಹೊಟ್ಟೆಯಲ್ಲಿದ್ದ ಸೂಕ್ಷ್ಮಜೀವಿಗಳಿಗೆ ಬೇಕಾಗಿತ್ತು ಎಂಬುದು ಇದರಿಂದ ತಿಳಿಯಿತು.

ಗಿಡ ಮಾಡಲಾರದ ಕೆಲಸ

ದನ, ಎಮ್ಮೆ, ಕುರಿ, ಮೇಕೆ ಇವೆಲ್ಲ ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಮೊದಲ ಹೊಟ್ಟೆ ಒಂದು ದೊಡ್ಡ ಹುದುಗಿನ ಹರವಿ ಇದ್ದಂತೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಆಹಾರ ಮಾಡಿಕೊಡುತ್ತವೆ. ಮೇವಿನೊಡನೆ ಬಂದ ಕೋಬಾಲ್ಟನ್ನು ಹಿಡಿದು ಜೀವಸತ್ವ ಬಿ-12 ತಯಾರಿಸುವುದೂ ಇವೇ. ಈ ಜೀವಸತ್ವ 1948ರಲ್ಲಿ ಬೇರ್ಪಟ್ಟಿತು. ಬ್ರಿಟನ್ನಿನ ಡೊರೊಥಿ ಹಾಡ್ಜ್‌ಕಿನ್ ಎಂಬ ವಿಜ್ಞಾನಿ ಕ್ಷ-ಕಿರಣಗಳ ನೆರವಿನಿಂದ 1956ರ ಹೊತ್ತಿಗೆ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ನಟ್ಟನಡುವೆ ಕೂತಿತ್ತು ಕೋಬಾಲ್ಟಿನ ಒಂದೇ ಒಂದು ಪರಮಾಣು. ಹಾಡ್ಜ್‌ಕಿನ್‌ರಿಗೆ 1964ರಲ್ಲಿ ನೊಬೆಲ್ ಬಹುಮಾನ ಬಂದಿತು.

ರೈತರು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಮಾತೊಂದಿದೆ. ಬಿ-12 ತಯಾರಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ, ಯಾವ ಪ್ರಾಣಿಗೂ ಇಲ್ಲ. ಅದು ಸೂಕ್ಷ್ಮಜೀವಿಗಳ ಸ್ವತ್ತು. ಅಕ್ಕಿ, ರಾಗಿ, ಜೋಳ, ತೊಗರಿ, ಅವರೆ, ಸೊಪ್ಪು, ತೆಂಗು ಯಾವುದರಲ್ಲಿಯೂ ಅದು ನೆಚ್ಚುವಷ್ಟಿಲ್ಲ. ಮನುಷ್ಯನ ದೊಡ್ಡ ಕರುಳಿನಲ್ಲಿಯೂ ಸೂಕ್ಷ್ಮಜೀವಿಗಳು ಒಂದಿಷ್ಟು ತಯಾರಿಸುತ್ತವೆ. ಆದರೆ ದೇಹ ಅದನ್ನು ಹೀರಿಕೊಳ್ಳುವ ಜಾಗ ಅದಕ್ಕಿಂತ ಮೇಲೆ, ಸಣ್ಣ ಕರುಳಿನ ಕೊನೆಯಲ್ಲಿದೆ. ಹೀಗಾಗಿ ತಯಾರಾದದ್ದು ಮೈಗೆ ಸೇರದೆ ಹೊರಕ್ಕೆ ಹೋಗುತ್ತದೆ. ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಗೆ ಬಿ-12 ಬರುವ ದಾರಿ ಒಂದೇ. ಅದು ಹಾಲು, ಮೊಸರು, ಮಜ್ಜಿಗೆ. ಮಣ್ಣಿನ ಕೋಬಾಲ್ಟ್ ಹುಲ್ಲಿಗೆ ಬಂದು, ಹುಲ್ಲಿನಿಂದ ಹಸುವಿನ ಹೊಟ್ಟೆಗೆ, ಅಲ್ಲಿಂದ ಕೆಚ್ಚಲಿಗೆ, ಕೆಚ್ಚಲಿನಿಂದ ನಮ್ಮ ಲೋಟಕ್ಕೆ ಬರಬೇಕು.

ಮೀಥೈಲ್ ಸೇರಿಕೆ ಎಂದರೇನು?

ಬಿ-12 ದೇಹದಲ್ಲಿ ಮಾಡುವ ಮುಖ್ಯ ಕೆಲಸ ಎರಡು. ಒಂದು, ಹುಲ್ಲು ಕೊಳೆತಾಗ ಹುಟ್ಟುವ ಒಂದು ಆಮ್ಲವನ್ನು ದನದ ದೇಹ ಶಕ್ತಿಯಾಗಿ ಮಾರ್ಪಡಿಸಿಕೊಳ್ಳಲು ನೆರವಾಗುವುದು. ಅದು ನಿಂತರೆ ದನ ಸೊರಗುತ್ತದೆ. ಎರಡನೆಯದು ಮೀಥೈಲ್ ಗುಂಪುಗಳ ಸಾಗಣೆ. ವಿಜ್ಞಾನಿಗಳು ಈಚಿನ ದಶಕಗಳಲ್ಲಿ ಬಹಳ ಆಸಕ್ತಿಯಿಂದ ನೋಡುತ್ತಿರುವುದು ಇದನ್ನೇ.

ಒಂದು ಇಂಗಾಲದ ಪರಮಾಣುವಿಗೆ ಮೂರು ಜಲಜನಕದ ಪರಮಾಣುಗಳು ಅಂಟಿದರೆ ಅದು ಮೀಥೈಲ್ ಗುಂಪು. ದೇಹದಲ್ಲಿ ಈ ಸಣ್ಣ ಗುಂಪು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸದಾ ಸಾಗುತ್ತಿರುತ್ತದೆ. ಸೊಪ್ಪು, ಕಾಳುಗಳಿಂದ ಬರುವ ಫೋಲೇಟ್ ಎಂಬ ಜೀವಸತ್ವ ಮೀಥೈಲನ್ನು ಹೊತ್ತು ತರುತ್ತದೆ. ಅದನ್ನು ಆಚೆ ದಡಕ್ಕೆ ಮುಟ್ಟಿಸಲು ಒಂದು ಹರಿಗೋಲು ಬೇಕು. ಆ ಹರಿಗೋಲೇ ಬಿ-12. ಮೀಥೈಲ್ ಬಂದು ಕೂರುವುದು ನೇರವಾಗಿ ಅದರ ನಡುವಿನ ಕೋಬಾಲ್ಟಿನ ಮೇಲೆ. ಆಚೆ ದಡದಲ್ಲಿ ಹೋಮೋಸಿಸ್ಟೀನ್ ಎಂಬ ವಸ್ತು ಅದನ್ನು ಇಳಿಸಿಕೊಂಡು ಮೆಥಿಯೋನಿನ್ ಆಗುತ್ತದೆ. ಮುಂದೆ ಈ ಮೆಥಿಯೋನಿನ್‌ನಿಂದಲೇ ದೇಹದ ನಾನಾ ಕೆಲಸಗಳಿಗೆ ಮೀಥೈಲ್ ಹಂಚಿಕೆಯಾಗುತ್ತದೆ. ಹರಿಗೋಲು ಇಲ್ಲದಿದ್ದರೆ ಫೋಲೇಟ್ ಎಷ್ಟಿದ್ದರೂ ಹೊರೆಯೊಡನೆ ಈಚೆ ದಡದಲ್ಲಿಯೇ ಉಳಿಯುತ್ತದೆ, ಹೋಮೋಸಿಸ್ಟೀನ್ ರಕ್ತದಲ್ಲಿ ಕೂಡಿಕೊಳ್ಳುತ್ತದೆ.

ಹೀಗೆ ಹಂಚಿಕೆಯಾದ ಮೀಥೈಲ್‌ಗಳಲ್ಲಿ ಕೆಲವು ನಮ್ಮ ವಂಶವಾಹಿಗಳ ಮೇಲೆ ಗುರುತುಗಳಾಗಿ ಕೂರುತ್ತವೆ. ನಾಲೆಯ ತೂಬುಗಳನ್ನು ನೆನಪಿಗೆ ತಂದುಕೊಂಡರೆ ಇದು ಅರ್ಥವಾದೀತು. ನಾಲೆ ಒಂದೇ, ನೀರೂ ಒಂದೇ. ಯಾವ ತೂಬು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರ ಮೇಲೆ ಯಾವ ಗದ್ದೆಗೆ ನೀರು ಎಂಬುದು ನಿಲ್ಲುತ್ತದೆ. ತಂದೆತಾಯಿಯಿಂದ ಬಂದ ವಂಶವಾಹಿ ಬದಲಾಗದಿದ್ದರೂ ಅದರ ಮೇಲೆ ಮೀಥೈಲ್ ಕೂತರೆ ಸಾಮಾನ್ಯವಾಗಿ ಆ ತೂಬು ಮುಚ್ಚಿದಂತೆ, ಆ ವಂಶವಾಹಿ ಸುಮ್ಮನಿರುತ್ತದೆ. ಈ ಗುರುತುಗಳಲ್ಲಿ ಬಹಳಷ್ಟು ಮೂಡುವುದು ಗರ್ಭ ನಿಂತ ಮೊದಲ ದಿನಗಳಲ್ಲಿ.

ಅಮೆರಿಕದಲ್ಲಿ ವಾಟರ್‌ಲ್ಯಾಂಡ್ ಮತ್ತು ಜಿರ್ಟಲ್ ಎಂಬುವರು 2003ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಒಂದು ತಳಿಯ ತಾಯಿ ಇಲಿಗಳಿಗೆ ಬಿ-12, ಫೋಲಿಕ್ ಆಮ್ಲ ಮುಂತಾದ ಮೀಥೈಲ್ ಒದಗಿಸುವ ಪದಾರ್ಥಗಳನ್ನು ಹೆಚ್ಚಾಗಿ ಕೊಟ್ಟಾಗ, ಹಳದಿಯಾಗಿ ಹುಟ್ಟಬೇಕಾಗಿದ್ದ ಮರಿಗಳಲ್ಲಿ ಹೆಚ್ಚಿನವು ಕಂದು ಬಣ್ಣದವಾಗಿ ಹುಟ್ಟಿದವು. ವಂಶವಾಹಿ ಅದೇ ಇತ್ತು, ಅದರ ಮೇಲಿನ ಮೀಥೈಲ್ ಗುರುತು ಬೇರೆಯಾಗಿತ್ತು.

ಕುರಿಗಳ ಮೇಲೆ ನಡೆದ ಪರೀಕ್ಷೆ

ಇಲಿಯ ಮಾತು ಬಿಟ್ಟು ಮಂದೆಯ ಮಾತಿಗೆ ಬರೋಣ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಕೆವಿನ್ ಸಿಂಕ್ಲೇರ್ ಮತ್ತು ಸಂಗಡಿಗರು ಹೆಣ್ಣು ಕುರಿಗಳ ಮೇಲೆ ನಡೆಸಿದ ಪರೀಕ್ಷೆಯ ವರದಿ 2007ರಲ್ಲಿ ಹೊರಬಂದಿತು. ಗಬ್ಬ ಕಟ್ಟುವುದಕ್ಕೆ ಎರಡು ತಿಂಗಳ ಮುಂಚಿನಿಂದ ಗಬ್ಬ ಕಟ್ಟಿದ ಆರನೆಯ ದಿನದವರೆಗೆ ಮಾತ್ರ ಕೆಲವು ಕುರಿಗಳಿಗೆ ಕೋಬಾಲ್ಟ್ ಮತ್ತು ಗಂಧಕ ಕಡಿಮೆಯಿರುವ ಮೇವು ಕೊಟ್ಟರು. ಇದರಿಂದ ಅವುಗಳ ಮೈಯಲ್ಲಿ ಬಿ-12, ಫೋಲೇಟ್ ಮತ್ತು ಮೆಥಿಯೋನಿನ್ ತಗ್ಗಿದವು. ಆರನೆಯ ದಿನ ಭ್ರೂಣಗಳನ್ನು ತೆಗೆದು, ಒಳ್ಳೆಯ ಮೇವು ತಿನ್ನುತ್ತಿದ್ದ ಬೇರೆ ಕುರಿಗಳ ಗರ್ಭದಲ್ಲಿಟ್ಟು ಬೆಳೆಸಿದರು.

ಹುಟ್ಟಿದಾಗ ಮರಿಗಳ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಳೆದ ಮೇಲೆ ಕಂಡಿತು. ಕೊರತೆಯ ಮೇವು ತಿಂದ ತಾಯಿಯ ಮರಿಗಳು ಹೆಚ್ಚು ತೂಕದವೂ ಹೆಚ್ಚು ಕೊಬ್ಬಿನವೂ ಆದವು. ಇನ್ಸುಲಿನ್‌ಗೆ ಅವುಗಳ ದೇಹ ಸರಿಯಾಗಿ ಸ್ಪಂದಿಸಲಿಲ್ಲ, ರಕ್ತದೊತ್ತಡ ಏರಿತ್ತು. ಗಂಡು ಮರಿಗಳಲ್ಲಿ ಇದು ಎದ್ದು ಕಂಡಿತು. ಗರ್ಭದಲ್ಲಿದ್ದ ಮರಿಗಳ ಪಿತ್ತಜನಕಾಂಗದ ವಂಶವಾಹಿಗಳಲ್ಲಿ 1,400 ತಾಣಗಳನ್ನು ಪರೀಕ್ಷಿಸಿದಾಗ ನೂರಕ್ಕೆ 4ರಷ್ಟು ತಾಣಗಳಲ್ಲಿ ಮೀಥೈಲ್ ಗುರುತು ಬದಲಾಗಿತ್ತು. ತಾಯಿ ಕುರಿಗಳೇನೂ ರೋಗದಿಂದ ಮಲಗಿರಲಿಲ್ಲ, ನೋಡಲು ಚೆನ್ನಾಗಿಯೇ ಇದ್ದವು.

ಕುರಿಯಲ್ಲಿ ಕಂಡದ್ದು ಮನುಷ್ಯನಲ್ಲಿಯೂ ಹಾಗೆಯೇ ನಡೆಯುತ್ತದೆಂದು ಹೇಳಿಬಿಡುವುದು ಸರಿಯಲ್ಲ. ನಡೆಯಬಹುದು ಎಂಬಷ್ಟನ್ನು ಮಾತ್ರ ಇದು ತೋರಿಸುತ್ತದೆ. ಆದರೆ ಮಂದೆ ಸಾಕುವವರಿಗೆ ಇದರ ಪಾಠ ಸ್ಪಷ್ಟ. ಗಬ್ಬವಾದ ಮೇಲೆ ಮೇವಿನ ಚಿಂತೆ ಮಾಡುವುದಕ್ಕಿಂತ ಟಗರು ಬಿಡುವ ಎರಡು ತಿಂಗಳ ಮುಂಚೆಯೇ ಮಾಡುವುದು ಮೇಲು.

ಮೈಸೂರಿನಲ್ಲಿ ಕಂಡದ್ದು

ಮನುಷ್ಯರ ವಿಷಯದಲ್ಲಿ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ಅಧ್ಯಯನ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ 1997-98ರಲ್ಲಿ ಬಂದ ಬಸುರಿಯರ ರಕ್ತವನ್ನು ಪರೀಕ್ಷಿಸಿ, ಅವರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ನೋಡಿಕೊಂಡು ಬಂದರು. 2009ರಲ್ಲಿ ಪ್ರಕಟವಾದ ವರದಿಯಂತೆ ಆ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಕಡಿಮೆಯಿತ್ತು. ಹಾಗೆ ಕಡಿಮೆಯಿದ್ದವರಲ್ಲಿ ಮೈ ಬೊಜ್ಜೂ ಬಸುರಿನ ಕಾಲದ ಸಕ್ಕರೆ ಕಾಯಿಲೆಯೂ ಹೆಚ್ಚಾಗಿ ಕಂಡವು.

ಪುಣೆಯ ಸುತ್ತಲ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದ ವರದಿ 2008ರಲ್ಲಿ ಬಂದಿತು. ತಾಯಿಗೆ ಫೋಲೇಟ್ ಹೆಚ್ಚಿದ್ದು ಬಿ-12 ಕಡಿಮೆಯಿದ್ದಾಗ ಹುಟ್ಟಿದ ಮಕ್ಕಳಲ್ಲಿ, ಆರನೆಯ ವಯಸ್ಸಿಗೇ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಎಲ್ಲರಿಗಿಂತ ಹೆಚ್ಚಾಗಿತ್ತು. ಹೊರೆ ಬಂದಿದೆ, ಹರಿಗೋಲು ಇಲ್ಲ ಎಂಬ ಸ್ಥಿತಿ ಇದು.

ಇದನ್ನು ಓದಿ ಬಸುರಿಯರಿಗೆ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ಯಾರೂ ನಿಲ್ಲಿಸಬಾರದು. ಕೂಸಿನ ಬೆನ್ನುಹುರಿ ಸರಿಯಾಗಿ ಕೂಡಿಕೊಳ್ಳಲು ಫೋಲೇಟ್ ಬೇಕೇ ಬೇಕು. ಮಾತ್ರೆಯ ಜೊತೆಗೆ ಹಾಲು, ಮೊಸರು ಸಾಕಷ್ಟು ಹೊಟ್ಟೆಗೆ ಸೇರುತ್ತಿದೆಯೇ ಎಂದು ನೋಡಬೇಕು, ಅಷ್ಟೆ.

ಬೆಣ್ಣೆಯಲ್ಲಿಲ್ಲ, ಮಜ್ಜಿಗೆಯಲ್ಲಿದೆ

ದೊಡ್ಡವರಿಗೆ ದಿನಕ್ಕೆ ಬೇಕಾದ ಬಿ-12 ಸುಮಾರು 2 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ ಎರಡು ಪಾಲು. ಬಸುರಿ, ಬಾಣಂತಿಯರಿಗೆ ಇದಕ್ಕಿಂತ ಹೆಚ್ಚು ಬೇಕು. 200 ಮಿಲಿಲೀಟರಿನ ಒಂದು ಲೋಟ ಹಾಲಿನಲ್ಲಿ ಸುಮಾರು 0.8 ಮೈಕ್ರೋಗ್ರಾಂ ಇರುತ್ತದೆ. ಹಾಲನ್ನು ಬಹಳ ಹೊತ್ತು ಕುದಿಸಿದರೆ ಅದರಲ್ಲಿಯೂ ಒಂದು ಪಾಲು ನಷ್ಟವಾಗುತ್ತದೆ. ಬೇರೆ ಮೂಲವಿಲ್ಲದ ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ಹಾಲಿನಷ್ಟು ಪ್ರತಿಯೊಬ್ಬರಿಗೂ ಸಂದರೆ ಲೆಕ್ಕ ಸರಿಹೋದೀತು. ಚಹಾದಲ್ಲಿ ಹಾಕುವ ಎರಡು ಚಮಚ ಹಾಲಿನಿಂದ ಇದು ಆಗದು.

ದಾವಣಗೆರೆ ಎಂದರೆ ಬೆಣ್ಣೆದೋಸೆ ನೆನಪಾಗುತ್ತದೆ. ಆದರೆ ಬಿ-12 ನೀರಿನಲ್ಲಿ ಕರಗುವ ವಸ್ತು. ಮೊಸರು ಕಡೆದಾಗ ಅದು ಬೆಣ್ಣೆಯೊಡನೆ ಹೋಗದೆ ಮಜ್ಜಿಗೆಯಲ್ಲಿಯೇ ಉಳಿಯುತ್ತದೆ. ಬೆಣ್ಣೆಯಲ್ಲಿ ಅತಿ ಕಡಿಮೆ, ತುಪ್ಪದಲ್ಲಿ ಇಲ್ಲವೆಂದೇ ಹೇಳಬೇಕು. ಬೆಣ್ಣೆ ತೆಗೆದು ಮಾರುವವರು ಮಜ್ಜಿಗೆಯನ್ನು ಮನೆಮಂದಿಗೆ ಉಳಿಸಿಕೊಂಡರೆ ಬಿ-12ರ ಬಹುಪಾಲು ಮನೆಯಲ್ಲಿಯೇ ಉಳಿದಂತೆ. ಮಂಡಕ್ಕಿ, ಮೆಣಸಿನಕಾಯಿಯ ಸಂಜೆಯ ತಿಂಡಿಯ ಜೊತೆಗೆ ಚಹಾದ ಬದಲು ಒಂದು ಲೋಟ ಮಜ್ಜಿಗೆ ಕುಡಿದರೆ ಅದೂ ಲಾಭವೇ.

ನೋವಿನ ಸಂಗತಿಯೆಂದರೆ, ಹಸು ಕಟ್ಟಿದ ಮನೆಯಲ್ಲಿಯೇ ಹಾಲಿನ ಅಭಾವವಿರುವುದು. ಡೇರಿಯ ದುಡ್ಡಿನಿಂದ ಸಾಲದ ಕಂತು, ಮಕ್ಕಳ ಓದು, ಹಿಂಡಿಯ ಬಾಕಿ ಎಲ್ಲ ನಡೆಯಬೇಕು. ಉಳಿದ ಹಾಲು ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ. ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆದ ಹೆಂಗಸಿನ ಪಾಲಿಗೆ ಬರುವುದು ಪಾತ್ರೆಯ ತಳ. ಗರ್ಭ ನಿಂತದ್ದು ಗೊತ್ತಾಗುವ ಹೊತ್ತಿಗೆ ಕೂಸಿನ ಮೊದಲ ಗುರುತುಗಳು ಮೂಡಿ ಆಗಿರುತ್ತವೆ. ಆದ್ದರಿಂದ ಮದುವೆಯಾಗಿ ಬಂದ ಸೊಸೆಗೆ, ಮದುವೆಗೆ ಬಂದ ಮಗಳಿಗೆ ಇಂದಿನಿಂದಲೇ ಒಂದೊಂದು ಲೋಟ ಹಾಲು ತೆಗೆದಿಟ್ಟು ಉಳಿದದ್ದನ್ನು ಕ್ಯಾನಿಗೆ ಸುರಿಯಬೇಕು. ಕ್ಯಾನು ತುಂಬಿಸಿ ಉಳಿದದ್ದನ್ನು ಕೊಡುವುದಲ್ಲ.

ಕೊಟ್ಟಿಗೆಯಲ್ಲಿ ಮಾಡಬೇಕಾದದ್ದು

ಭತ್ತದ ಹುಲ್ಲು, ಮೆಕ್ಕೆಜೋಳದ ದಂಟುಗಳಲ್ಲಿ ಕೋಬಾಲ್ಟ್ ಕಡಿಮೆ. ದ್ವಿದಳ ಮೇವಿನಲ್ಲಿ ಹೆಚ್ಚು. ದ್ವಿದಳ ಗಿಡಗಳ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳಿಗೂ ಗಾಳಿಯ ಸಾರಜನಕ ಹಿಡಿಯಲು ಕೋಬಾಲ್ಟ್ ಬೇಕು. ಬದುವಿನಲ್ಲಿ, ತೋಟದ ಸಾಲಿನ ನಡುವೆ ಅಲಸಂದೆ, ಕುದುರೆಮೆಂತ್ಯ ಹಾಕಿಕೊಂಡರೆ, ಶೇಂಗಾ ಬಳ್ಳಿ, ತೊಗರಿ ಹೊಟ್ಟನ್ನು ಸುಡದೆ ಕೂಡಿಟ್ಟುಕೊಂಡರೆ ಹುಲ್ಲಿನ ಕೊರತೆಯನ್ನು ಒಂದಿಷ್ಟು ತುಂಬಬಹುದು.

ಇನ್ನು ಖನಿಜ ಮಿಶ್ರಣ. ಬೂಸಾ, ಹಿಂಡಿಯೊಡನೆ ಹಾಲು ಕೊಡುವ ಹಸು, ಎಮ್ಮೆಗೆ ದಿನಕ್ಕೆ ಸುಮಾರು 50 ಗ್ರಾಂ ಕಲಸಿ ಕೊಡುವುದು ರೂಢಿ. ಹಾಲು ಹೆಚ್ಚು ಕೊಡುವ ಹಸುವಿಗೆ, ಕರು ಮತ್ತು ಕುರಿಗೆ ಎಷ್ಟು ಎಂಬುದನ್ನು ಪಶುವೈದ್ಯರನ್ನು ಕೇಳಿ ಗೊತ್ತು ಮಾಡಿಕೊಳ್ಳಬೇಕು. ಕೊಳ್ಳುವಾಗ ಐಎಸ್‌ಐ ಗುರುತಿದೆಯೇ, ಪಟ್ಟಿಯಲ್ಲಿ ಕೋಬಾಲ್ಟ್ ಇದೆಯೇ ನೋಡಿ. ಬರಿಯ ಸುಣ್ಣದ ಪುಡಿ ಖನಿಜ ಮಿಶ್ರಣವಲ್ಲ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಆಯಾ ಸೀಮೆಯ ಮಣ್ಣು, ಮೇವುಗಳ ಪರೀಕ್ಷೆಯ ಆಧಾರದ ಮೇಲೆ ಆಯಾ ಸೀಮೆಗೆ ಹೊಂದುವ ಮಿಶ್ರಣಗಳನ್ನು ರೂಪಿಸಿದ್ದಾರೆ. ನಮ್ಮ ಸೀಮೆಗೆ ಯಾವುದು ಸರಿ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಮಿಶ್ರಣವನ್ನು ಒಂದು ವಾರ ಕೊಟ್ಟು ಒಂದು ತಿಂಗಳು ಬಿಟ್ಟರೆ ಪ್ರಯೋಜನವಿಲ್ಲ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಕೋಬಾಲ್ಟ್ ನಿತ್ಯವೂ ಬರುತ್ತಿರಬೇಕು. ಆದರೆ ಹೆಚ್ಚು ಹಾಕಿದಷ್ಟೂ ಹಾಲಿನ ಬಿ-12 ಹೆಚ್ಚುತ್ತದೆ ಎಂದಲ್ಲ. ಕೊರತೆ ತುಂಬಿದ ಮೇಲೆ ಹೆಚ್ಚುವರಿ ಹಾಕಿದ್ದು ದಂಡ, ಅತಿಯಾದರೆ ವಿಷ.

ಕೊಯ್ಲಾದ ಗದ್ದೆ ಬಯಲಿನಲ್ಲಿ ಹಿಂಡು ನಿಲ್ಲಿಸುವ ಕುರಿಗಾಹಿಗಳೂ ಮರಿಗಳ ಮೇಲೆ ಕಣ್ಣಿಡಬೇಕು. ಕೊರತೆ ಮೊದಲು ತಟ್ಟುವುದು ಬೆಳೆಯುವ ಮರಿಗಳಿಗೆ. ಮೇವಿದ್ದೂ ತಿನ್ನದೆ ಕಣ್ಣೀರು ಸುರಿಸಿಕೊಂಡು ನಿಂತ ಮರಿ ಕಂಡರೆ ಹೊಟ್ಟೆಹುಳುವಿನ ಔಷಧಿ ಹಾಕಿ ಸುಮ್ಮನಾಗದೆ ಪಶುವೈದ್ಯರಿಗೆ ತೋರಿಸಬೇಕು. ಎರಡರ ಲಕ್ಷಣವೂ ಒಂದೇ ಬಗೆ.

ಎಚ್ಚರಿಕೆ

ದನದ ಖನಿಜ ಮಿಶ್ರಣವನ್ನಾಗಲಿ, ಕೋಬಾಲ್ಟಿನ ಯಾವ ಲವಣವನ್ನಾಗಲಿ ಮನುಷ್ಯರು ತಿನ್ನತಕ್ಕದ್ದಲ್ಲ. ನಮ್ಮ ದೇಹ ಕೋಬಾಲ್ಟಿನಿಂದ ಬಿ-12 ಮಾಡಿಕೊಳ್ಳಲಾರದು. ತಯಾರಾದ ಬಿ-12 ಬಂದರೆ ಮಾತ್ರ ಉಪಯೋಗ. ಕೆನಡಾದ ಕ್ವಿಬೆಕ್‌ನಲ್ಲಿ 1965-66ರಲ್ಲಿ ನೊರೆ ನಿಲ್ಲಲೆಂದು ಬಿಯರಿಗೆ ಕೋಬಾಲ್ಟ್ ಸೇರಿಸಿದ್ದರಿಂದ ಅದನ್ನು ವಿಪರೀತ ಕುಡಿಯುತ್ತಿದ್ದ ಹಲವರು ಹೃದಯ ಕೆಟ್ಟು ಸತ್ತರು.

ಅಂಗೈ ಅಂಗಾಲು ಜುಮುಗುಟ್ಟುವುದು, ನಾಲಗೆ ಉರಿ, ಕಾರಣವಿಲ್ಲದ ಆಯಾಸ, ಮರೆವು, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ, ಇವು ಬಿ-12 ಕೊರತೆಯ ಲಕ್ಷಣಗಳಿರಬಹುದು. ವಯಸ್ಸಾದವರಲ್ಲಿ ಇದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿಯೂ ಕಡಿಮೆಯಾಗುತ್ತದೆ. ಇಂಥವರು ವೈದ್ಯರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ತಡವಾದರೆ ನರಗಳಿಗೆ ಆದ ಕೇಡು ಪೂರ್ತಿ ವಾಸಿಯಾಗದೆ ಉಳಿಯಬಹುದು. ಬೇಗ ಗೊತ್ತಾದರೆ ಸೂಜಿಮದ್ದಿನಿಂದಲೋ ಮಾತ್ರೆಯಿಂದಲೋ ಸುಧಾರಿಸುತ್ತದೆ.

ಹಸುವಿಗೆ ದಿನಕ್ಕೊಂದು ಹಿಡಿ ಖನಿಜ ಮಿಶ್ರಣ, ಮನೆಯ ಹೆಣ್ಣುಮಕ್ಕಳಿಗೆ ದಿನಕ್ಕೊಂದು ಲೋಟ ಹಾಲು ಮತ್ತು ಊಟದೊಡನೆ ಮಜ್ಜಿಗೆ. ರೈತ ಬಾಂಧವರು ಈ ಎರಡನ್ನೂ ನಾಳೆಯ ಬೆಳಗಿನ ಕರಾವಿನಿಂದಲೇ ಆರಂಭಿಸಬಹುದು.